ಭರ್ತಿಗೆ ಮುಂಚಿನ ರವಿವಾರ

ಬೂಟಿನ ಲೇಸು ಬಿಗಿ ಮಾಡಿಕೊಂಡು ಗೆರೆಯ ಹಿಂದೆ ನಿಲ್ಲುತ್ತೀಯ. ಸೊಲ್ಲಾಪುರ ರಸ್ತೆಯಿಂದ ಕೂಗಳತೆಯಲ್ಲಿ ಯಾರೋ ಹೊಲ ಮುರಿದು ಮಾಡಿದ ಲೇಔಟು ಇದು. ಪ್ಲಾಟಿಗೆ ಕಲ್ಲು ನೆಟ್ಟಿದ್ದಾರೆ, ಮನೆ ಒಂದೂ ಎದ್ದಿಲ್ಲ. ಬೈಕಿನ ಮೀಟರ್ ನೋಡಿ, ನಾಲ್ಕು ಸುತ್ತಿಗೆ 1,600 ಮೀಟರ್ ಆಗುವಂತೆ ಅಳೆದು ಸುಣ್ಣದ ಗೆರೆ ಎಳೆದಿದ್ದಾರೆ. ನಿನ್ನ ಎಡಕ್ಕೆ ತಿಕೋಟಾದಿಂದ ಬಂದ ಇಬ್ಬರು, ಬಲಕ್ಕೆ ಬಬಲೇಶ್ವರದ ಹುಡುಗ. ಅವನು ಬರಿಗಾಲಲ್ಲೇ ನಿಂತಿದ್ದಾನೆ. ದೂರದಲ್ಲಿ ಬಿಎಲ್‌ಡಿಇ ಆಸ್ಪತ್ರೆಯ ದೀಪಗಳು ಇನ್ನೂ ಆರಿಲ್ಲ. ಹೆದ್ದಾರಿಯಲ್ಲಿ ಎಂಎಚ್ 13 ಲಾರಿಯೊಂದು ಗೇರು ಬದಲಿಸುವ ಸದ್ದು. ಶೀಟಿ.

ಓಡುತ್ತೀಯ. ಮೊದಲ ನಾನೂರು ಮೀಟರು ಹಗುರ. ಎರಡನೆಯ ಸುತ್ತಿಗೆ ಬಾಯಿ ಒಣಗುತ್ತದೆ, ಮೂರಕ್ಕೆ ಪಕ್ಕೆ ಹಿಡಿಯುತ್ತದೆ. ಕೊನೆಯ ಸುತ್ತಿನಲ್ಲಿ ಬರಿಗಾಲಿನವನು ನಿನ್ನನ್ನು ದಾಟಿ ಹೋಗುತ್ತಾನೆ, ಅವನ ಹಿಮ್ಮಡಿಯ ಬಿರುಕು ನಿನಗೆ ಕಾಣುತ್ತದೆ. ಗೆರೆ ದಾಟಿ ಮೊಣಕಾಲು ಹಿಡಿದು ಬಗ್ಗುತ್ತೀಯ.

ಶೀಟಿ ಊದಿದ ಕಾಕಾ ಮೊಬೈಲು ನಿನ್ನ ಮುಖಕ್ಕೆ ಹಿಡಿಯುತ್ತಾರೆ. 5 ನಿಮಿಷ 41 ಸೆಕೆಂಡು. ಸೈನ್ಯದ ಭರ್ತಿಯಲ್ಲಿ ಐದೂವರೆ ನಿಮಿಷದೊಳಗೆ ಮುಗಿಸಿದವನಿಗೆ 60 ಅಂಕ, ಹತ್ತು ಬೀಮ್ ಎಳೆದವನಿಗೆ 40. ಈ ಲೆಕ್ಕ ಇಲ್ಲಿ ನಿಂತ ಎಲ್ಲರಿಗೂ ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತದೆ.

"ಹನ್ನೊಂದ ಸೆಕೆಂಡ್ ತಮ್ಮಾ. ಅದು ಕಾಲಾಗ ಇಲ್ಲ, ತಲ್ಯಾಗ ಐತಿ. ಏನ ಹೊತಗೊಂಡ ಓಡಾಕತ್ತೀ ನೀ?"

ಕಾಕಾ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸುಬೇದಾರರಾಗಿ ನಿವೃತ್ತರಾದವರು, ಬೆಳಗಾವಿಯ ಸೆಂಟರಿನಲ್ಲಿ ಹುಡುಗರನ್ನು ತಿದ್ದಿದವರು. ಅವರ ಕಣ್ಣಿಗೆ ಮಣ್ಣೆರಚಲಾಗದು. ನೀನು ಏನೂ ಹೇಳದೆ ನೀರು ಕುಡಿಯುತ್ತೀಯ.

ಹೊತ್ತುಕೊಂಡದ್ದು ಏನೆಂದು ನಿನಗೆ ಗೊತ್ತು. ನಿನ್ನೆ ರಾತ್ರಿ ಮೊಬೈಲಿನಲ್ಲಿ ಅಗ್ನಿವೀರ್ ಫಾರ್ಮು ತೆರೆದು ಕೂತಿದ್ದಾಗ, ಮಂಚದ ಮೇಲೆ ಸತ್ಯವೇದ ಮುಚ್ಚಿಟ್ಟು ನಿನ್ನ ಅಜ್ಜಿ, ಆಯಿ, ಕೇಳಿದಳಲ್ಲ: "ಹಂಗಾರ ಮಂದೀನ್ನ ಕೊಲ್ಲೂ ಕೆಲಸಕ್ಕ ಹೊಂಟೀ?" ಬೈದಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದಳು. ಅದಕ್ಕೇ ನಿನಗೆ ಉತ್ತರ ಹೊರಡಲಿಲ್ಲ.

ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಇಸ್ತ್ರಿಯ ಅಂಗಿ ತೊಡುತ್ತೀಯ. ಇವತ್ತು ರವಿವಾರ.

ಆರಾಧನೆ ಮುಗಿದಿದೆ. ಚಪ್ಪಲಿ ಹುಡುಕುವ ಮಕ್ಕಳ ಗದ್ದಲದ ನಡುವೆ ಬೇವಿನ ನೆರಳಿಗೆ ಸಭಾಪಾಲಕರು ಬಂದು ನಿಲ್ಲುವವರೆಗೆ ಕಾಯುತ್ತೀಯ. ಬಿಳಿ ನಿಲುವಂಗಿ ತೆಗೆದು ತೋಳ ಮೇಲೆ ಹಾಕಿಕೊಂಡಿದ್ದಾರೆ.

"ಪಾಸ್ಟರ್, ಕ್ರಿಸ್ತನವರಾದವರು ಮಿಲ್ಟ್ರಿಗೆ ಹೋಗಬಹುದೇನ್ರಿ?"

ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದಿಲ್ಲ. "ಲೂಕ ಬರೆದದ್ರಾಗ ಮೂರನೇ ಅಧ್ಯಾಯ ತಗಿ. ಇದ ಪ್ರಶ್ನಿ ನಿನಗಿಂತ ಮೊದಲ ಕೇಳಿದವರದಾರ," ಎನ್ನುತ್ತಾರೆ.

ತೆಗೆಯುತ್ತೀಯ. ಯೊರ್ದನ್ ನದಿಯ ದಂಡೆ. ಸ್ನಾನಿಕ ಯೋಹಾನನ ಸುತ್ತ ಜನ. ಸಾಮಾನ್ಯರು ಕೇಳುತ್ತಾರೆ, ಸುಂಕದವರು ಕೇಳುತ್ತಾರೆ, ಕೊನೆಗೆ ಸಿಪಾಯಿಗಳೂ ಮುಂದೆ ಬಂದು ನಾವೇನು ಮಾಡಬೇಕು ಎನ್ನುತ್ತಾರೆ. ಒಂಟೆಕೂದಲ ಬಟ್ಟೆ ಉಟ್ಟು ಅರಮನೆಯ ಅರಸನಿಗೂ ಹೆದರದ ಆ ಮನುಷ್ಯ ಆಯುಧ ಎಸೆದು ಮನೆಗೆ ಹೋಗಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ನೀವು ಪುಣ್ಯವಂತರು ಎಂದೂ ಬೆನ್ನು ತಟ್ಟಲಿಲ್ಲ. ಜನರನ್ನು ಹೆದರಿಸಿ ಸುಲಿಯಬೇಡಿ, ಸುಳ್ಳು ಆಪಾದನೆ ಹೊರಿಸಬೇಡಿ, ಕೊಟ್ಟ ಪಗಾರದಲ್ಲಿ ತೃಪ್ತರಾಗಿರಿ ಎಂಬ ಅರ್ಥದ ಮಾತು ಹೇಳಿ ಮುಗಿಸಿದ. ಯುದ್ಧದ ಸುದ್ದಿಯೇ ಇಲ್ಲ. ಪಗಾರದ ಸುದ್ದಿ ಇದೆ!

ಸಿಪಾಯಿತನದ ಬಗ್ಗೆ ಇಷ್ಟು ಬಲ್ಲವನ ಮಾತು ನಾನು ಬೇರೆ ಎಲ್ಲೂ ಓದಿಲ್ಲ. ಸೈನಿಕನ ಬಹುಪಾಲು ದಿನಗಳು ಗುಂಡಿನ ಸದ್ದಿಲ್ಲದೆ ಕಳೆಯುತ್ತವೆ. ಪಹರೆ, ಪಥಸಂಚಲನ, ರೇಷನ್ ಲೆಕ್ಕ, ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದ ಬಸ್ಸು. ಆ ಬಸ್ಸಿನ ಬಾಗಿಲಲ್ಲಿ ಹತ್ತೊಂಬತ್ತರ ನೀನು ಬಂದೂಕು ಹಿಡಿದು ನಿಂತಿದ್ದೀಯ. ಒಳಗೆ ನಿನ್ನ ಭಾಷೆ ಬಾರದ, ನಿನ್ನ ಆಯಿಯ ವಯಸ್ಸಿನ ಒಬ್ಬ ಮುದುಕಿ ಗಂಟು ಬಿಚ್ಚಿ ತೋರಿಸುತ್ತಿದ್ದಾಳೆ. ಅಲ್ಲಿ ನೀನು ಹೇಗೆ ಮಾತಾಡುತ್ತೀಯ? ಯೋಹಾನ ಕೇಳುತ್ತಿರುವುದು ಅದನ್ನು.

ಆದರೆ ಈ ವಚನವನ್ನೇ ಪರವಾನಗಿ ಚೀಟಿ ಮಾಡಿಕೊಳ್ಳುವವರ ಅವಸರ ನನಗೆ ಹಿಡಿಸದು. ಅದೇ ಸತ್ಯವೇದದಲ್ಲಿ ಗೆತ್ಸೇಮನೆ ತೋಟವೂ ಇದೆ. ಪೇತ್ರ ಎತ್ತಿದ ಕತ್ತಿಯನ್ನು ಯೇಸು ಒರೆಗೆ ಹಾಕಿಸಿದ. ವೈರಿಯನ್ನು ಪ್ರೀತಿಸು ಎಂದವನೂ ಅವನೇ. ಕ್ರಿ.ಶ. 295ರಲ್ಲಿ ಉತ್ತರ ಆಫ್ರಿಕದ ತೆಬೆಸ್ಸಾದಲ್ಲಿ ಮ್ಯಾಕ್ಸಿಮಿಲಿಯನ್ ಎಂಬ ಇಪ್ಪತ್ತೊಂದರ ಹುಡುಗ, ತಾನು ಕ್ರೈಸ್ತ, ರೋಮಿನ ಸೈನ್ಯಕ್ಕೆ ಸೇರಲಾರೆ ಎಂದು ಹೇಳಿ ತಲೆ ಕೊಟ್ಟ. ಸಭೆ ಅವನನ್ನು ಸಂತ ಎನ್ನುತ್ತದೆ. ರೋಮಿನ ಶತಾಧಿಪತಿಯಾಗಿದ್ದ ಕೊರ್ನೇಲ್ಯನ ಮನೆಗೆ ಪೇತ್ರನೇ ಹೋಗಿ ದೀಕ್ಷಾಸ್ನಾನ ಕೊಡಿಸಿದ. ಕೆಲಸ ಬಿಟ್ಟು ಬಾ ಎಂದು ಹೇಳಿದ್ದು ಬರೆದಿಲ್ಲ. ಅವನನ್ನೂ ಸಭೆ ಗೌರವಿಸುತ್ತದೆ. ಇಬ್ಬರಲ್ಲಿ ಒಬ್ಬನನ್ನು ಅಳಿಸಿ ಹಾಕಿದರೆ ಮಾತ್ರ ಲೆಕ್ಕ ಸುಲಭವಾಗುತ್ತದೆ, ಸಭೆ ಇಷ್ಟು ಶತಮಾನ ಅಳಿಸಲಿಲ್ಲ.

ನಿಮ್ಮ ಮನೆತನ ಬಾಸೆಲ್ ಮಿಶನ್ ಕಾಲದಲ್ಲಿ ಕ್ರಿಸ್ತನನ್ನು ಒಪ್ಪಿಕೊಂಡದ್ದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಪಾದ್ರಿಗಳು ಮುಂದೆ ಹೆಂಚು, ನೇಯ್ಗೆ ಕಾರ್ಖಾನೆ ತೆರೆದರು. ಸಿಪಾಯಿಗಳ ಖಾಕಿ ಬಟ್ಟೆ ಹುಟ್ಟಿದ್ದೇ ಹಾಲರ್ ಎಂಬ ಮಿಶನ್ನಿನವನ ಮಂಗಳೂರಿನ ಮಗ್ಗಗಳಲ್ಲಿ ಎಂದು ಕರಾವಳಿಯವರು ಹೆಮ್ಮೆಯಿಂದ ಹೇಳುತ್ತಾರೆ. ವಾಯವ್ಯ ಗಡಿಯ ಗೈಡ್ಸ್ ಎಂಬ ಸೇನಾದಳದವರು ತಾವೇ ಮೊದಲು ಎನ್ನುತ್ತಾರೆ. ಆ ಜಗಳ ಅವರಿಗಿರಲಿ. ಪ್ರಾರ್ಥನೆ ಕಲಿಸಿದ ಮಿಶನ್ನಿನ ಮಗ್ಗದಲ್ಲೇ ದಂಡಿನ ಬಟ್ಟೆಯೂ ನೇಯಲ್ಪಟ್ಟಿತು ಎಂಬುದನ್ನು ಮಾತ್ರ ಆಯಿಗೆ ಹೇಳಬೇಕೆನಿಸುತ್ತದೆ ನಿನಗೆ. ಹೇಳಿದರೆ ಅವಳ ಪ್ರಶ್ನೆಗೆ ಉತ್ತರವಾದೀತೇ? ಆಗದು. ಪ್ರಶ್ನೆ ಹಳೆಯದು ಎಂದಷ್ಟೇ ಗೊತ್ತಾದೀತು.

"ಒಂದ ಮಾತ ನೆನಪಿಡು," ಪಾಸ್ಟರ್ ನಿನ್ನ ಹೆಗಲ ಮೇಲೆ ಕೈಯಿಡುತ್ತಾರೆ. "ನಮ್ಮ ದೇಶದಾಗ ಯಾರೂ ನಿನ್ನ ಹಿಡಕೊಂಡ ಹೋಗಿ ದಂಡಿಗೆ ಸೇರಸಂಗಿಲ್ಲ. ಹೋಗಲಿಕ್ಕೂ ನೀನ ಮನಸ್ ಮಾಡಬೇಕು, ಬಿಡಲಿಕ್ಕೂ ನೀನ. ಯಾವ್ದ ಮಾಡಿದ್ರೂ ಈ ಸಭಿ ಬಾಗ್ಲ ನಿನಗ ತೆರದಿರತೈತಿ."

ಊಟದ ಹೊತ್ತಿಗೆ ಅಪ್ಪ ತಿಕೋಟಾದಿಂದ ಬಂದಿದ್ದಾನೆ. ಅಲ್ಲಿ ಪಾಲಿಗೆ ಮಾಡಿದ ದ್ರಾಕ್ಷಿ ಪಡ. ಈ ಸಲ ಕಟಾವಿನ ಮುಂದೆ ಮಳೆ ಬಿದ್ದು ಕಾಯಿ ಸೀಳಿತು. ರೊಟ್ಟಿ ಮುರಿಯುತ್ತಾನೆ, ಮಾತಿಲ್ಲ. ಅಂಗಿಯ ಕಿಸೆಯಿಂದ ಸೊಸೈಟಿಯ ನೋಟಿಸಿನ ಮೂಲೆ ಇಣುಕುತ್ತಿದೆ. ಅದು ನಿನ್ನ ಕಣ್ಣಿಗೆ ಬಿತ್ತು. ನಿನ್ನ ಕಣ್ಣಿಗೆ ಬಿದ್ದದ್ದು ಅವನ ಕಣ್ಣಿಗೂ ಬಿತ್ತು.

ಈಗ ಪಗಾರದ ಲೆಕ್ಕ. 2022ರ ಜೂನ್‌ನಲ್ಲಿ ಸರಕಾರ ಘೋಷಿಸಿದ ಈ ಅಗ್ನಿವೀರ್ ಯೋಜನೆಯಲ್ಲಿ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೇ ವರ್ಷಕ್ಕೆ 40,000. ಅದರಲ್ಲಿ ನೂರಕ್ಕೆ 30 ಹಿಡಿದು ಸೇವಾನಿಧಿಗೆ ಹಾಕುತ್ತಾರೆ. ಹಾಗಾಗಿ ಮೊದಲ ವರ್ಷ ಕೈಗೆ ಬರುವುದು 21,000. ಹಿಡಿದಷ್ಟನ್ನೇ ಸರಕಾರವೂ ಹಾಕಿ, ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ಕೊಟ್ಟು ಕಳಿಸುತ್ತದೆ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಸೇವೆಯಲ್ಲಿರುವಷ್ಟು ದಿನ 48 ಲಕ್ಷದ ವಿಮೆ. ನಾಲ್ವರಲ್ಲಿ ಒಬ್ಬನನ್ನು ಮಾತ್ರ ಮುಂದಕ್ಕೆ ಉಳಿಸಿಕೊಳ್ಳುತ್ತಾರೆ. ಉಳಿದ ಮೂವರು ಇಪ್ಪತ್ತೆರಡು ಇಪ್ಪತ್ತಮೂರಕ್ಕೆ ಇದೇ ರಸ್ತೆಗೆ ಬಂದು ಇಳಿಯುತ್ತಾರೆ.

ಹಣದ ಲೆಕ್ಕ ಹಾಕುವುದು ಅಲ್ಪತನ ಎಂದು ನಿನಗೆ ಯಾರಾದರೂ ಹೇಳಿದರೆ ನಂಬಬೇಡ. ಯೋಹಾನನೇ ಆ ವಿಷಯ ಎತ್ತಿದ್ದಾನೆ. ಈ ಪಗಾರದಲ್ಲಿ ನೆಮ್ಮದಿಯಿಂದ ಇರಬಲ್ಲೆಯಾ, ಅಥವಾ ನಾಲ್ಕನೇ ವರ್ಷದ ಹೆದರಿಕೆ ನಿನ್ನನ್ನು ಮೊದಲ ದಿನದಿಂದಲೇ ತಿನ್ನುತ್ತದೆಯಾ? ನಾಲ್ಕರಲ್ಲಿ ಒಬ್ಬನಾಗುವ ಆಸೆಗೆ ಪಕ್ಕದ ಹಾಸಿಗೆಯವನನ್ನು ತುಳಿಯುವವನಾಗುತ್ತೀಯಾ? ಫಾರ್ಮಿನಲ್ಲಿ ಈ ಪ್ರಶ್ನೆಗಳಿಗೆ ಕಾಲಂ ಇಲ್ಲ.

ಬಿಸಿಲು ಇಳಿಯುವ ಮೊದಲೇ ಹೊರಬೀಳುತ್ತೀಯ. ಕಾಲು ತಾನಾಗಿ ಪಡುವಣ ಕೋಟೆಗೋಡೆಯತ್ತ ಎಳೆಯುತ್ತದೆ. ಶೇರ್ಝಾ ಬುರುಜಿನ ಮೆಟ್ಟಿಲು ಹತ್ತಿದರೆ ಮಲಿಕ್-ಎ-ಮೈದಾನ್ ತೋಪು ಅಲ್ಲೇ ಒರಗಿದೆ. ಅಹಮದ್‌ನಗರದಲ್ಲಿ 1549ರಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ನಿನ ಲೋಹ. ಬಾಯಿಯ ಸುತ್ತ ಆನೆಯನ್ನು ನುಂಗುತ್ತಿರುವ ಮೃಗ. ಬಿಸಿಲಿನಲ್ಲೂ ತಣ್ಣಗಿರುತ್ತದೆ ಎಂದು ಹೇಳುತ್ತಾರೆ. ಅಂಗೈ ಇಟ್ಟು ನೋಡುತ್ತೀಯ, ಹೌದೆನಿಸುತ್ತದೆ. 1854ರಲ್ಲಿ ಬ್ರಿಟಿಷರು ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ ನೂರೈವತ್ತು ರೂಪಾಯಿ. ಸದ್ಯ, ಆ ಮಾರಾಟ ರದ್ದಾಯಿತು.

ಈ ತೋಪಿನ ಮಗ್ಗುಲಲ್ಲಿ ನಿಂತವನಿಗೆ ತೋಪಿನ ಗುಂಡು ತಿಂದ ಒಬ್ಬನ ಕಥೆ ಹೇಳಲೇಬೇಕು. 1521ರ ಮೇ 20. ಸ್ಪೇನಿನ ಪಾಂಪ್ಲೋನಾ ಕೋಟೆ. ಫ್ರೆಂಚರು ಮುತ್ತಿದ್ದಾರೆ, ಒಳಗಿನವರು ಶರಣಾಗೋಣ ಎನ್ನುತ್ತಿದ್ದಾರೆ. ಮೂವತ್ತರ ಒಬ್ಬ ಯೋಧ ಮಾತ್ರ ಬೇಡ ಎಂದು ಹಠ ಹಿಡಿದಿದ್ದಾನೆ. ಲೊಯೋಲದ ಇನಿಗೊ ಅವನ ಹೆಸರು. ಮುಂದೆ ಲೋಕ ಅವನನ್ನು ಸಂತ ಇಗ್ನೇಷಿಯಸ್ ಎಂದು ಕರೆಯಿತು. ತೋಪಿನ ಗುಂಡು ಅವನ ಬಲಗಾಲು ಪುಡಿ ಮಾಡಿತು. ಮನೆಗೆ ಹೊತ್ತು ತಂದು ಮಲಗಿಸಿದರು. ಎಲುಬು ಸೊಟ್ಟಗೆ ಕೂಡಿ ಮೊಣಕಾಲ ಕೆಳಗೆ ಗಂಟು ಎದ್ದಿತು. ಬೂಟು ಹಾಕಿದರೆ ಚೆಂದ ಕಾಣದಲ್ಲ ಎಂದು ಅದನ್ನು ಗರಗಸದಿಂದ ಕೊಯ್ಯಿಸಿಕೊಂಡ ಭೂಪ, ಅರಿವಳಿಕೆ ಇಲ್ಲದ ಕಾಲದಲ್ಲಿ!

ಮಲಗಿದಲ್ಲಿ ಹೊತ್ತು ಹೋಗದೆ ವೀರರ ಕಥೆಯ ಪುಸ್ತಕ ಕೇಳಿದ. ಮನೆಯಲ್ಲಿದ್ದದ್ದು ಕ್ರಿಸ್ತನ ಚರಿತ್ರೆ, ಸಂತರ ಚರಿತ್ರೆ. ಅದನ್ನೇ ಓದಿದ. ಓದು ನಿಲ್ಲಿಸಿದಾಗ ಎರಡು ಬಗೆಯ ಕನಸು ಬೀಳುತ್ತಿದ್ದವು. ಒಂದರಲ್ಲಿ ಕತ್ತಿ ಹಿಡಿದು ಮೆರೆದು ಒಬ್ಬ ದೊಡ್ಡ ಮನೆತನದ ಹೆಣ್ಣಿನ ಮನಸ್ಸು ಗೆಲ್ಲುತ್ತಿದ್ದ, ಇನ್ನೊಂದರಲ್ಲಿ ಸಂತರ ಹಾಗೆ ಬರಿಗಾಲಲ್ಲಿ ಯೆರೂಸಲೇಮಿಗೆ ನಡೆಯುತ್ತಿದ್ದ. ಕಾಣುವಾಗ ಎರಡೂ ಸಿಹಿಯೇ. ಕಂಡು ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸಿ ಹೋಗುತ್ತಿತ್ತು, ಎರಡನೆಯದರ ತಂಪು ಬಹಳ ಹೊತ್ತು ಉಳಿಯುತ್ತಿತ್ತು. ಈ ವ್ಯತ್ಯಾಸ ಕಂಡದ್ದೇ ಅವನ ಬದುಕಿನ ತಿರುವು. 1522ರಲ್ಲಿ ಮೊಂತ್ಸೆರಾತ್ ಗುಡಿಯಲ್ಲಿ ಕತ್ತಿ ಇಳಿಸಿಟ್ಟ.

ಹಾಗಾದರೆ ಇಗ್ನೇಷಿಯಸ್ ಸೈನ್ಯ ಬೇಡ ಎನ್ನುತ್ತಾನೆ ಎಂದು ತಿಳಿಯಬೇಡ. ಅವನು ಬೇಡ ಎಂದದ್ದು ತನ್ನ ಮೆರೆಯುವ ಕನಸನ್ನು. ನಿನ್ನ ಕನಸು ಯಾವುದೋ ನೀನೇ ನೋಡಿಕೋ. ರಾತ್ರಿ ಹನ್ನೊಂದಕ್ಕೆ ಹಾಡು ಹಾಕಿದ ಫೌಜಿ ರೀಲ್ಸ್ ನೋಡಿದಾಗ ಮೈ ಜುಮ್ಮೆನ್ನುತ್ತದೆ. ಬೆಳಿಗ್ಗೆ ಎದ್ದಾಗ ಅದರಲ್ಲಿ ಎಷ್ಟು ಉಳಿದಿರುತ್ತದೆ? ಇನ್ನೊಂದು ಚಿತ್ರ ಕಟ್ಟಿಕೋ: ಹಿಮದ ಠಾಣೆ, ಯಾರೂ ವಿಡಿಯೋ ಮಾಡುತ್ತಿಲ್ಲ, ಊರಿನ ಯಾರಿಗೂ ನೀನು ಎಲ್ಲಿದ್ದೀಯೆಂದು ಗೊತ್ತಿಲ್ಲ, ಮರಗಟ್ಟಿದ ಜತೆಗಾರನ ಪಾದವನ್ನು ನಿನ್ನ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದೀಯ. ಇದನ್ನು ನೆನೆದ ಮೇಲೆ ಮನಸ್ಸು ಒಣಗುತ್ತದೆಯೋ, ತಣಿಯುತ್ತದೆಯೋ? ಒಂದೇ ದಿನ ನೋಡಿ ತೀರ್ಮಾನಿಸಬೇಡ. ಬೇರೆ ಬೇರೆ ದಿನ ನೋಡು. ಹೊಟ್ಟೆ ತುಂಬಿದಾಗ ನೋಡು, ಓಟದಲ್ಲಿ ಸೋತಾಗಲೂ ನೋಡು.

ಇಗ್ನೇಷಿಯಸ್ ಬರೆದಿಟ್ಟ ಇನ್ನೊಂದು ನಿಯಮವನ್ನು ಈ ಊರಿನ ಪ್ರತಿ ಭರ್ತಿ ಹುಡುಗನ ಮೊಬೈಲಿನಲ್ಲಿ ಹಾಕಿಸುವ ಆಸೆ ನನಗೆ. ಮನಸ್ಸು ಕತ್ತಲಲ್ಲಿದ್ದಾಗ ಹೊಸ ನಿರ್ಧಾರ ಮಾಡಬಾರದು. ಪಿಯುಸಿ ಫಲಿತಾಂಶ ಕೆಟ್ಟ ರಾತ್ರಿ, ಹುಡುಗಿ ಮಾತು ಬಿಟ್ಟ ರಾತ್ರಿ, ಅಪ್ಪನ ಕಿಸೆಯಲ್ಲಿ ನೋಟಿಸು ಕಂಡ ರಾತ್ರಿ ಫಾರ್ಮಿನ ಮೇಲೆ ಬೆರಳು ಒತ್ತಬೇಡ. ಸೇರುವುದಕ್ಕೂ ಇದೇ ಮಾತು, ಸೇರದೆ ಬಿಡುವುದಕ್ಕೂ ಇದೇ.

ನೆರಳು ಉದ್ದವಾಗುವ ಹೊತ್ತಿಗೆ ಮತ್ತೆ ಸೊಲ್ಲಾಪುರ ರಸ್ತೆಯ ಚಹಾದಂಗಡಿಯಲ್ಲಿದ್ದೀಯ. ಬೆಂಚಿನ ಮೇಲೆ ಕಾಕಾ. ಬೆಳಗಿನ ಪ್ರಶ್ನೆಗೆ ಈಗ ಉತ್ತರ ಕೊಡುತ್ತೀಯ: ಆಯಿ ಹೀಗಂದಳು, ಪಾಸ್ಟರ್ ಹೀಗಂದರು. ಅವರು ತಲೆ ಆಡಿಸುತ್ತಾ ಕೇಳುತ್ತಾರೆ.

"ನಿಮ್ಮವರು ಅಲ್ಲಿ ಹೊಸಬರಲ್ಲ ಬಿಡು. ಆಲ್ಬರ್ಟ್ ಎಕ್ಕಾ ಯಾರು? ಎಪ್ಪತ್ತೊಂದರಾಗ ಗಂಗಾಸಾಗರದ ಲಡಾಯಾಗ ಪರಮವೀರ ಚಕ್ರ. ಜನರಲ್ ರಾಡ್ರಿಗಸ್ ಇಡೀ ಆರ್ಮಿಗೇ ಚೀಫ್ ಆಗಿದ್ರು. ಪಲ್ಟನ್‌ದಾಗ ಪಂಡಿತ, ಗ್ರಂಥಿ, ಮೌಲ್ವಿ ಇದ್ದಂಗ ಪಾದ್ರಿನೂ ಇರತಾನ, ಎಲ್ಲಿ ನಿಮ್ಮ ಮಂದಿ ಹೆಚ್ಚ ಅದಾರೋ ಅಲ್ಲಿ." ಬಶಿಯಲ್ಲಿ ಚಹಾ ಸುರಿದು ಊದುತ್ತಾರೆ. "ಆದ್ರ ಒಂದ ವಿಚಾರ ಈಗ ಮಾಡ. ಗೇಟಿನೊಳಗ ಹೋದ ಮ್ಯಾಲ ಅಲ್ಲ."

ಅವರು ಹೇಳುವುದು ಇಡೀ ದೇಶ ಓದಿದ ಒಂದು ಮೊಕದ್ದಮೆ. 2017ರಲ್ಲಿ ಸೇನೆ ಸೇರಿದ ಒಬ್ಬ ಕ್ರೈಸ್ತ ಲೆಫ್ಟಿನೆಂಟ್. ಅವನ ಕೈಕೆಳಗಿನ ಜವಾನರು ಸಿಖ್ಖರು. ರೆಜಿಮೆಂಟಿನಲ್ಲಿ ಗುಡಿ, ಗುರುದ್ವಾರ ಎರಡೂ ಇದ್ದವು. ವಾರದ ಧಾರ್ಮಿಕ ಪರೇಡಿಗೆ ಜವಾನರ ಜತೆ ಆವರಣದವರೆಗೆ ಬರುತ್ತೇನೆ, ಗರ್ಭಗುಡಿಯೊಳಗೆ ಪೂಜೆಗೆ ಬರಲಾರೆ, ನನ್ನ ನಂಬಿಕೆ ಒಪ್ಪದು ಎಂದ. 2021ರಲ್ಲಿ ಸೇನೆ ಅವನನ್ನು ವಜಾ ಮಾಡಿತು. 2025ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು, ನವೆಂಬರಿನಲ್ಲಿ ಸುಪ್ರೀಂ ಕೋರ್ಟೂ ಮಧ್ಯೆ ಬರಲು ಒಪ್ಪಲಿಲ್ಲ. ಅಧಿಕಾರಿಯಾದವನು ತನ್ನ ಜವಾನರ ನಂಬಿಕೆಯ ಜತೆ ನಿಲ್ಲಬೇಕು ಎಂಬುದು ಸೇನೆಯ ವಾದ. ಒಳಗೆ ಹೋದರೆ ತಪ್ಪಿಲ್ಲ ಎಂದು ಒಬ್ಬ ಪಾಸ್ಟರ್ ಹೇಳಿದ್ದೂ ನ್ಯಾಯಾಲಯದಲ್ಲಿ ಚರ್ಚೆಯಾಯಿತು.

ಆ ತೀರ್ಪಿನ ಬಗ್ಗೆ ಕ್ರೈಸ್ತರಲ್ಲೇ ಒಮ್ಮತವಿಲ್ಲ. ಜವಾನನಿಗಾಗಿ ಪ್ರಾಣ ಕೊಡಲು ಸಿದ್ಧನಾದವನಿಗೆ ಅವನ ದೇವರ ಮುಂದೆ ಕೈಕಟ್ಟಿ ನಿಲ್ಲಲು ಏನು ಕಷ್ಟ ಎನ್ನುವವರಿದ್ದಾರೆ. ಪಲ್ಟನ್ನಿಗೆ ನಿಷ್ಠೆಯಿಂದಿರಲು ಆರತಿಯೇ ಏಕೆ ಬೇಕು ಎನ್ನುವವರೂ ಇದ್ದಾರೆ. ನಾನು ಮೊದಲಿನವರ ಕಡೆಗೆ ವಾಲುತ್ತೇನೆ. ಸಿರಿಯಾದ ಸೇನಾಪತಿ ನಾಮಾನ ಕುಷ್ಠ ವಾಸಿಯಾದ ಮೇಲೆ ಇಸ್ರಾಯೇಲಿನ ದೇವರನ್ನೇ ನಂಬಿದ, ಆದರೂ ತನ್ನ ಅರಸನ ತೋಳಿಗೆ ಆಸರೆಯಾಗಿ ರಿಮ್ಮೋನನ ಗುಡಿಯಲ್ಲಿ ಬಗ್ಗಬೇಕಾಗುತ್ತದಲ್ಲ ಎಂದು ಪ್ರವಾದಿ ಎಲೀಷನ ಮುಂದೆ ತೋಡಿಕೊಂಡ. ಪ್ರವಾದಿ ಅವನನ್ನು ಗದರಲಿಲ್ಲ, ಸಮಾಧಾನದಿಂದ ಹೋಗು ಎಂದು ಕಳಿಸಿಕೊಟ್ಟ. ಆದರೆ ನನ್ನ ವಾಲಿಕೆ ನಿನ್ನ ಮನಸ್ಸಾಕ್ಷಿಯ ಕೆಲಸ ಮಾಡದು. ನಿನಗೆ ಅದು ಆಗದ ಮಾತಾದರೆ ಇವತ್ತೇ ತಿಳಿದಿರಲಿ. ಬೇರೆ ದಾರಿ ಹಿಡಿದರೆ ನೀನು ಹೇಡಿಯೂ ಅಲ್ಲ, ದೇಶಕ್ಕೆ ಬೇಡವಾದವನೂ ಅಲ್ಲ. ಎದುರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸಿಂಗ್ ಹುಡುಗರನ್ನು ನೋಡು.

"ನೀವು ಯಾರನ್ನರ ಕೊಂದೀರೇನ್ರಿ ಕಾಕಾ?" ಬಾಯಿಂದ ಜಾರಿ ಹೋಗುತ್ತದೆ.

ಕಾಕಾ ಬಶಿ ಕೆಳಗಿಡುತ್ತಾರೆ. ಒಂದು ಟ್ರ್ಯಾಕ್ಟರ್ ಹೋಗುತ್ತದೆ, ಅದರ ಹಿಂದೆ ಕೆಎ 28 ಬೈಕೊಂದು.

"ಅದನ್ನ ಕೇಳಬಾರದು. ಆದ್ರ ನಿನ್ನ ಆಯಿ ನಿನಗ ಕೇಳಿದ್ದ ಛಲೋ ಆತು. ಆ ಪ್ರಶ್ನಿ ಮರತವ ಛಲೋ ಸಿಪಾಯಿ ಆಗಂಗಿಲ್ಲ. ಹಿಡದ ಬಂದೂಕ ಎಷ್ಟ ವಜ್ಜ ಐತಿ ಅಂತ ಗೊತ್ತಿದ್ದವನ ಕೈಯಾಗ ಇರಬೇಕದು."

ಮನೆ. ಅಡುಗೆಮನೆಯ ಬಲ್ಬಿನ ಕೆಳಗೆ ನೋಟುಬುಕ್ಕಿನ ಹಾಳೆ ಹರಿದು ನಡುವೆ ಗೆರೆ ಎಳೆಯುತ್ತೀಯ. ಎಡಕ್ಕೆ ಯಾಕೆ ಹೋಗಬೇಕು, ಬಲಕ್ಕೆ ಯಾಕೆ ಬೇಡ. ಮನಸ್ಸು ಶಾಂತವಿದ್ದಾಗ ದೇವರ ಮುಂದೆ ಕೂತು ಹೀಗೆ ಬರೆ ಎಂದವನೂ ಇಗ್ನೇಷಿಯಸ್ಸೇ. ಇನ್ನೂ ಎರಡು ಉಪಾಯ ಹೇಳಿದ್ದ: ಗುರುತಿಲ್ಲದ ಒಬ್ಬ ಹುಡುಗ ಇದೇ ಪ್ರಶ್ನೆ ಹೊತ್ತು ಬಂದರೆ ಅವನಿಗೆ ನೀನೇನು ಹೇಳುತ್ತಿದ್ದೆ? ಸಾಯುವ ಗಳಿಗೆಯಲ್ಲಿ ಹಿಂತಿರುಗಿ ನೋಡಿದರೆ ಯಾವುದನ್ನು ಮಾಡಿದ್ದರೆ ಒಳ್ಳೆಯದಿತ್ತು ಅನಿಸೀತು? ಗುರುತಿಲ್ಲದ ಹುಡುಗನ ಮುಖ ನೆನೆಯಲು ಹೋದರೆ ನಿನಗೆ ಬರಿಗಾಲಿನ ಆ ಬಬಲೇಶ್ವರದವನೇ ಕಣ್ಣ ಮುಂದೆ ಬರುತ್ತಾನೆ.

ಎಡದ ಪಟ್ಟಿಯಲ್ಲಿ ಮೊದಲ ಸಾಲು: ಅಪ್ಪನ ಸಾಲ. ಅದರ ಕೆಳಗೆ ಇನ್ನೂ ನಾಲ್ಕು. ಬಲದಲ್ಲಿ ಆಯಿಯ ಪ್ರಶ್ನೆ, ಗುಡಿಯ ಪರೇಡು, ನಾಲ್ಕು ವರ್ಷದ ನಂತರದ ಚಿಂತೆ.

ಅಪ್ಪ ನಿನ್ನ ಹೆಗಲ ಮೇಲಿಂದ ಬಗ್ಗಿ ಓದುತ್ತಾನೆ. ಬಹಳ ಹೊತ್ತು ಸುಮ್ಮನಿರುತ್ತಾನೆ. ಆಮೇಲೆ ಕಿಸೆಯಿಂದ ನೋಟಿಸು ತೆಗೆದು ಅವ್ವನ ಕೈಗೆ ಕೊಡುತ್ತಾನೆ.

"ಹೋಗಬ್ಯಾಡ ಅನ್ನಂಗಿಲ್ಲ ನಾ. ನನ್ನ ಸಾಲಕ್ಕ ಹೋಗಬ್ಯಾಡ. ಅದನ್ನ ತಗದ ಹಾಕು."

ಪೆನ್ನು ಎತ್ತಿ ಮೊದಲ ಸಾಲಿನ ಮೇಲೆ ಅಡ್ಡಗೆರೆ ಎಳೆಯುತ್ತೀಯ. ಮಂಚದ ಕಡೆಯಿಂದ ಆಯಿಯ ದನಿ.

"ಇನ್ನ ಏನೇನ ಉಳದಾವು? ಓದು. ಜೋರಾಗಿ ಓದು, ನನಗ ಕೇಳಂಗಿಲ್ಲ."